ಅಡುಗೆಯಾಕೆ ಕೊಂದಿರಲಿಲ್ಲ

ಲಕ್ಷ್ಮೇಶ್ವರದ ಹೆಣ್ಣುಮಕ್ಕಳ ಶಾಲೆಗೆ ನಾನು ಕಲಿಸಲು ಬಂದಾಗ ಊರು ಸಂಸ್ಥಾನದಿಂದ ಮುಂಬಯಿ ರಾಜ್ಯಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದವು. ಬೆಟಗೇರಿಯ ನೇಕಾರರ ಮನೆಯ ಹುಡುಗಿ ಏಳನೆಯ ತರಗತಿಯ ಮುಲ್ಕಿ ಪಾಸಾಗಿ, ಹಿಂದಿ ಪರೀಕ್ಷೆಗಳಿಗೂ ಕೂತು, ಒಬ್ಬಳೇ ಸರ್ವೀಸ್ ಮೋಟಾರು ಹತ್ತಿ ನೌಕರಿಗೆ ಹೊರಟದ್ದು ನಮ್ಮ ಓಣಿಗೆ ದೊಡ್ಡ ಸುದ್ದಿ. ಅವ್ವನ ತಂಗಿ, ನನ್ನ ಚಿಗವ್ವ, ಅಲ್ಲಿದ್ದಳೆಂದೇ ಅಪ್ಪ ಒಪ್ಪಿದ್ದು.

ಚಿಗವ್ವನಿಗೆ ಓದಲು ಬರುತ್ತಿರಲಿಲ್ಲ, ಆದರೆ ಕಥೆಯ ಹುಚ್ಚು ವಿಪರೀತ. ರವಿವಾರ ಮಧ್ಯಾಹ್ನ ಪಡಸಾಲೆಯಲ್ಲಿ ನೆರೆಹೊರೆಯ ಹೆಂಗಸರು ಶೇಂಗಾ ಸುಲಿಯುತ್ತ ಕೂತರೆ ನಾನು ನಡುವೆ ಕೂತು ಕಾದಂಬರಿ ಓದಬೇಕು. ಸಾಮಾಜಿಕ ಕಾದಂಬರಿಗಳಿಗೆ ಅವರು ಅಳುತ್ತಿದ್ದರು, ಆದರೆ ಮುಂದಿನ ವಾರದ ಹೊತ್ತಿಗೆ ಮರೆತಿರುತ್ತಿದ್ದರು. ಒಂದು ಸಲ ಗದಗಿನಿಂದ ಪತ್ತೇದಾರಿ ಕಾದಂಬರಿಯೊಂದನ್ನು ತಂದೆ. ಇಂಗ್ಲಿಷಿನ ಹೆಸರಾಂತ ಕಥೆಯಂತೆ, ಯಾರೋ ಕನ್ನಡಕ್ಕೆ ತಂದಿದ್ದರು. ಅದನ್ನು ಮಾತ್ರ ಅವರು ಮರೆಯಲಿಲ್ಲ.

ಕಥೆ ಹೀಗಿತ್ತು. ಗುಡ್ಡದ ಮೇಲಿನ ಬಂಗಲೆಯೊಂದರಲ್ಲಿ ಇಬ್ಬರು ಅಕ್ಕತಂಗಿಯರು. ಆಸ್ತಿಯೆಲ್ಲ ಅಕ್ಕನದು. ಅವಳು ದಿನಾ ಸಂಜೆ ಬಾಗಿಲು ಹಾಕಿಕೊಂಡು ಹಾರ್ಮೋನಿಯಂ ಬಾರಿಸುತ್ತಾಳೆ. ಒಂದು ಸಂಜೆ ವಾದನ ಕೇಳಿಬಂದ ಮೇಲೆ ನೋಡಿದರೆ ಅವಳು ವಿಷದಿಂದ ಸತ್ತಿದ್ದಾಳೆ. ಅಡುಗೆಯಾಕೆಯ ಮೇಲೆ ಎಲ್ಲರ ಅನುಮಾನ, ಏಕೆಂದರೆ ವಾದನ ನಿಂತ ಮೇಲೆ ಮನೆಯಲ್ಲಿದ್ದವಳು ಅವಳೊಬ್ಬಳೇ, ತಂಗಿ ಆಗ ಹೊರಗೆ ನಾಲ್ಕು ಜನರ ಕಣ್ಣೆದುರಿಗಿದ್ದಳು. ಪತ್ತೇದಾರ ಮಾತ್ರ ಒಂದೇ ಪ್ರಶ್ನೆ ಕೇಳುತ್ತಾನೆ: ಬಾರಿಸುವಾಗ ಅಕ್ಕ ಯಾವಾಗಲೂ ಒಂದೇ ಜಾಗದಲ್ಲಿ ತಪ್ಪುತ್ತಿದ್ದಳು, ಆ ಸಂಜೆ ತಪ್ಪಿದಳೇ? ತಪ್ಪಿರಲಿಲ್ಲ. ಅಂದರೆ ಅಕ್ಕ ಅಷ್ಟೊತ್ತಿಗಾಗಲೇ ಸತ್ತಿದ್ದಳು, ಬಾರಿಸಿದವಳು ಎಲ್ಲರ ಕನಿಕರಕ್ಕೆ ಪಾತ್ರಳಾಗಿದ್ದ ತಂಗಿ.

ಈ ಪುಟ ಓದಿದಾಗ ಪಡಸಾಲೆಯಲ್ಲಿ ಶೇಂಗಾ ಸುಲಿಯುವ ಸಪ್ಪಳವೇ ನಿಂತಿತ್ತು. ಪಕ್ಕದ ಮನೆಯಾಕೆಯಂತೂ, "ಇನ್ನೊಮ್ಮಿ ಓದ್ರಿ ಅಕ್ಕೋರ, ಅಡಗಿಯಾಕಿನ್ನ ಬಿಟ್ಟು ಕಳಿಸೋದು ಇನ್ನೊಮ್ಮಿ ಓದ್ರಿ," ಎಂದಳು. ಅವಳು ಜಮೀನ್ದಾರರ ದೊಡ್ಡ ವಾಡೆಯೊಂದರಲ್ಲಿ ಅಡುಗೆ ಮಾಡಿಕೊಂಡಿದ್ದವಳು. ಹಿಂದಿನ ವರ್ಷ ಅಲ್ಲಿ ಬೆಳ್ಳಿ ತಂಬಿಗೆಯೊಂದು ಕಾಣೆಯಾದಾಗ ಇವಳ ಮೇಲೆ ಕಳವು ಹೊರಿಸಿ ಹೊರಗಟ್ಟಿದ್ದರು. ಆಮೇಲೆ ತಂಬಿಗೆ ಅವರದೇ ಜೋಳದ ಕಣಜದಲ್ಲಿ ಸಿಕ್ಕಿತು. ತಂಬಿಗೆ ಸಿಕ್ಕ ಖಬರು ಊರಿಗೆ ಗೊತ್ತಾಯಿತು, ಇವಳನ್ನು ಮಾತ್ರ ಯಾರೂ ತಿರುಗಿ ಕರೆಯಲಿಲ್ಲ.

ಆ ಬೇಸಿಗೆಗೆ ಮುಂಚೆ ಊರ ಹೊರಗಿನ ಬಯಲಲ್ಲಿ ಟೂರಿಂಗ್ ಟಾಕೀಸಿನ ಡೇರೆ ಬಿತ್ತು. ಒಂದು ದಿನ ಅದರ ಮ್ಯಾನೇಜರು, ಹಿಂದಿ ಬಲ್ಲ ಶಾಲೆಯ ಅಕ್ಕೋರು ಎಲ್ಲಿ ಎಂದು ಕೇಳುತ್ತ ಚಿಗವ್ವನ ಮನೆ ಹುಡುಕಿಕೊಂಡು ಬಂದ. ಹೊಸದಾಗಿ ಬರಲಿರುವ ಹಿಂದಿ ಚಿತ್ರದ ಹಾಡಿನ ಪುಸ್ತಿಕೆ ಅವನ ಕೈಯಲ್ಲಿತ್ತು. ಹಿಂದಿಯೆಂದರೆ ಹೆಂಗಸರು ಬರುವುದಿಲ್ಲ, ಡೇರೆಯಲ್ಲಿ ಇರುವುದು ಒಂದೇ ಮಷಿನ್ನು, ರೀಲು ಬದಲಿಸುವಾಗಲೆಲ್ಲ ದೀಪ ಹಾಕುತ್ತಾರೆ, ಆ ಬಿಡುವಿನಲ್ಲಿ ನಡೆದದ್ದನ್ನು ಕನ್ನಡದಲ್ಲಿ ಹೇಳುತ್ತೀರಾ ಎಂದು ಕೇಳಿದ. ನಾನು ಪುಸ್ತಿಕೆ ತೆರೆದೆ. ಗುಡ್ಡದ ಮೇಲಿನ ಬಂಗಲೆ, ಇಬ್ಬರು ಅಕ್ಕತಂಗಿಯರು, ಹಾರ್ಮೋನಿಯಂ. ಕೊನೆಯಲ್ಲಿ, ಕೊಲೆಗಾರ ಯಾರೆಂಬುದನ್ನು ಬೆಳ್ಳಿತೆರೆಯ ಮೇಲೆ ನೋಡಿರಿ ಎಂಬ ಒಕ್ಕಣೆ.

"ಚಿಗವ್ವಾ, ನಮ್ಮ ಕಥಿನ ಸಿನೆಮಾ ಆಗೇತಿ!" ಎಂದು ಕೂಗಿದೆ.

ನಾನು ಒಪ್ಪಿದೆ. ಮೊದಲೊಮ್ಮೆ ಚಿತ್ರ ನೋಡಬೇಕು ಎಂದದ್ದಕ್ಕೆ ಅವನು, "ಫಿಲ್ಮಿನ ಪೆಟ್ಟಿಗಿ ಗದಗಿನಿಂದ ಬರೋದ ಆಟದ ದಿನ ಸಂಜಿಕ ಐತ್ರಿ," ಎಂದ. ಕಥೆ ಗೊತ್ತೇ ಇದೆಯಲ್ಲ ಎಂದು ನಾನೂ ಸುಮ್ಮನಾದೆ.

ಮೊದಲ ದಿನ ಹೊತ್ತು ಮುಳುಗುತ್ತಲೇ ಡೇರೆ ತುಂಬಿತು. ಗಂಡಸರಿಗೂ ಹೆಂಗಸರಿಗೂ ನಡುವೆ ಒಂದು ತಟ್ಟಿನ ಪರದೆ. ಊರಲ್ಲಿ ಜಾಹೀರಾತು ಕೂಗುತ್ತಿದ್ದ ತಗಡಿನ ಭೋಂಗಾವನ್ನು ನನಗೆ ಕೊಟ್ಟಿದ್ದರು. ನಮ್ಮ ಪಡಸಾಲೆಯ ಹೆಂಗಸರೆಲ್ಲ ಮುಂದಿನ ಸಾಲಿನಲ್ಲಿ, ಚಿಗವ್ವನ ಮಗ್ಗುಲಲ್ಲಿ ಪಕ್ಕದ ಮನೆಯ ಅಡುಗೆಯಾಕೆ. ಮೊದಲ ರೀಲಿಗೇ ನಾನು ಉಬ್ಬಿಹೋದೆ. ಕನ್ನಡದಲ್ಲಿ ಆ ಬಂಗಲೆ ಮಹಾಬಳೇಶ್ವರದಲ್ಲಿತ್ತು, ಇಲ್ಲಿ ಕಾಶ್ಮೀರ. ಆದರೇನು, ಅದೇ ಮೆಟ್ಟಿಲು, ಅದೇ ಮುಚ್ಚಿದ ಬಾಗಿಲು. ರೀಲಿನಿಂದ ರೀಲಿಗೆ ನನ್ನ ದನಿ ಗಟ್ಟಿಯಾಯಿತು. ಪರದೆಯ ಆಚೆಯಿಂದ ಗಂಡಸರೂ, "ಸ್ವಲ್ಪ ಜೋರ ಹೇಳ್ರೀ!" ಎನ್ನತೊಡಗಿದರು.

ಹಾರ್ಮೋನಿಯಂ ಬಂದಾಗ ಮಾತ್ರ ನನಗೇನೋ ಕಸಿವಿಸಿಯಾಯಿತು. ಅಕ್ಕ ಎಲ್ಲಿಯೂ ತಪ್ಪಲೇ ಇಲ್ಲ. ಅದರ ಬದಲು ತಂಗಿಯೇ ಕೂತು ಒಂದು ಚಂದದ ಹಾಡು ಹಾಡಿದಳು. ಕೊನೆಯ ರೀಲಿನಲ್ಲಿ ಪತ್ತೇದಾರ ಎಲ್ಲರನ್ನೂ ದಿವಾನಖಾನೆಯಲ್ಲಿ ನಿಲ್ಲಿಸಿದ, ಬೆರಳು ಚಾಚಿದ. ಬೆರಳು ನಿಂತದ್ದು ಅಡುಗೆಯಾಕೆಯ ಕಡೆಗೆ. ಅವಳ ಸೆರಗಿನಿಂದ ವಿಷದ ಸೀಸೆ ಬಿತ್ತು. ಪೊಲೀಸರು ಅವಳನ್ನು ಎಳೆದೊಯ್ದರು. ತಂಗಿ ಪತ್ತೇದಾರನ ಕೈಹಿಡಿದು ನಕ್ಕಳು. ತೆರೆ ಬೆಳ್ಳಗಾಯಿತು.

ದೀಪ ಹತ್ತಿತು. ಎಲ್ಲರ ಮುಖ ನನ್ನ ಕಡೆಗೆ. ಮುಂದಿನ ಸಾಲಿನಲ್ಲಿ ನಮ್ಮ ಅಡುಗೆಯಾಕೆ ಸೆರಗನ್ನು ಬಾಯಿಗಿಟ್ಟುಕೊಂಡು ನೆಲ ನೋಡುತ್ತಿದ್ದಳು. ತೆರೆಯ ಮೇಲಿನದನ್ನು ಹೇಳಿ ಮುಗಿಸಿದರೆ ನನ್ನ ಕೆಲಸ ಮುಗಿಯುತ್ತಿತ್ತು. ಭೋಂಗಾ ಎತ್ತಿದೆ.

"ಸಿನೆಮಾದಾಗ ಅಡಗಿಯಾಕಿನ್ನ ಹಿಡದಾರ. ಆದ್ರ ಪುಸ್ತಕದಾಗ ಆಕಿ ಕೊಂದಿಲ್ಲ. ಕೊಂದಾಕಿ ತಂಗಿ. ಇದನ್ನ ತಿದ್ದಿದವರು ಸಿನೆಮಾದವರು," ಎಂದು, ಹಾರ್ಮೋನಿಯಂ ಸಂಗತಿಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ.

ಗದ್ದಲವೆದ್ದಿತು. ಗಂಡಸರ ಕಡೆಯಿಂದ ಯಾರೋ ಸಿಳ್ಳೆ ಹಾಕಿದರು, ಇನ್ಯಾರೋ, "ಖರೆ ಐತಿ ನೋಡ್ರಿ, ಆ ತಂಗಿ ನಗೀನ ಸರಿ ಇರಲಿಲ್ಲ," ಎಂದರು. ಮ್ಯಾನೇಜರು ಓಡಿಬಂದು ಭೋಂಗಾ ಕಸಿದುಕೊಂಡ.

"ಏನ್ ಮಾಡಿದ್ರಿ ಅಕ್ಕೋರ? ನನ್ನ ಧಂದೆ ಮುಳುಗಸ್ತೀರೇನು? ತಂಗಿ ಆದಾಕಿ ಅಷ್ಟು ದೊಡ್ಡ ನಟಿ, ಆಕಿ ಖೂನಿ ಮಾಡ್ಯಾಳ ಅಂದ್ರ ಜನ ಖುರ್ಚಿ ಮುರೀತಾರ!"

"ಅದಕ್ಕ ಬಡವಿ ಮ್ಯಾಲ ಹಾಕಿದ್ರೇನು?"

"ನಿಮ್ಮ ಪುಸ್ತಕದವರೂ ಬದಲ ಮಾಡ್ಯಾರಲ್ಲ? ಇಂಗ್ಲಂಡಿನ ಮನಿನ ಮಹಾಬಳೇಶ್ವರಕ್ಕ ತಂದಿಲ್ಲೇನು?"

ಅವನ ಮಾತಿನಲ್ಲಿ ತೂಕವಿತ್ತು. ಇಂಗ್ಲಿಷಿನಲ್ಲಿ ಬಹುಶಃ ಅದು ಪಿಯಾನೋ ಆಗಿರಬೇಕು, ಅವರು ತಿಂದದ್ದು ಬೇರೆ, ಉಟ್ಟದ್ದು ಬೇರೆ. ಆದರೆ ಯಾವ ಊರಿಗೆ ತಂದರೂ ತಪ್ಪದೆ ಬಾರಿಸಿದವಳೇ ಕೊಲೆಗಾರ್ತಿ. "ಮನಿ ಬದಲ ಮಾಡ್ರಿ, ಸೀರಿ ಬದಲ ಮಾಡ್ರಿ," ಎಂದೆ. "ತಪ್ಪು ಮಾಡಿದಾಕಿನ್ನ ಬಿಟ್ಟು ಮಾಡಲಾರದಾಕಿನ್ನ ಹಿಡದ್ರ ಅದು ಬ್ಯಾರೆ ಕಥಿ ಆತು. ನಾ ಅದನ್ನ ಹೇಳಾಂಗಿಲ್ಲ."

"ಹಂಗಾರ ನಾಳೆ ಬರಬ್ಯಾಡ್ರಿ."

ನಾನು ಹೋಗಲಿಲ್ಲ. ಚಿಗವ್ವನ ಓಣಿಯವರೂ ಹೋಗಲಿಲ್ಲ. ಆದರೆ ನಡೆದದ್ದು ಊರೆಲ್ಲ ಹಬ್ಬಿತ್ತು. ಮರುದಿನದ ಆಟ ಮುಗಿದಾಗ ಜನ ಏಳಲೇ ಇಲ್ಲವಂತೆ, ಪುಸ್ತಕದ ಕೊನೆ ಹೇಳಿಸಿ ಎಂದು ಕೂತರಂತೆ. ಅದರ ಮಾರನೆಯ ಬೆಳಿಗ್ಗೆ ಮ್ಯಾನೇಜರು ಭೋಂಗಾ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಬರ್ರಿ, ಕುಂಡ್ರಿ," ಎಂದು ಚಿಗವ್ವ ಚಾಪೆ ಹಾಸಿದಳು, ಚಹಾ ಕೊಟ್ಟಳು, ನನಗೆ ಮಾತ್ರ ಕಣ್ಣಲ್ಲೇ ಗಟ್ಟಿಯಾಗಿರು ಎಂದಳು. ರೀಲಿನ ನಡುವೆ ಚಿತ್ರದಲ್ಲಿ ಇದ್ದದ್ದನ್ನೇ ಹೇಳುವುದು, ಎಲ್ಲ ಮುಗಿದ ಮೇಲೆ ಪುಸ್ತಕದ ಕೊನೆ ಹೇಳುವುದು, ಹೀಗೆಂದು ಒಪ್ಪಂದವಾಯಿತು. ಡೇರೆ ಶಿರಹಟ್ಟಿಗೆ ಹೋಗುವತನಕ ಹಾಗೆಯೇ ನಡೆಯಿತು. ಶಿರಹಟ್ಟಿಗೂ ಒಂದು ರವಿವಾರ ಹೋದೆ. ಮುಂಡರಗಿಯ ಆಟಕ್ಕೆ ಹಮ್ಮಿಗಿ, ಡೋಣಿಯಂಥ ಹಳ್ಳಿಗಳಿಂದೆಲ್ಲ ಚಕ್ಕಡಿ ಕಟ್ಟಿಕೊಂಡು ಬಂದಿದ್ದರೆಂದು ಆಮೇಲೆ ಕೇಳಿದೆ, ಅಲ್ಲಿ ಕೊನೆ ಹೇಳಿದವನು ಮ್ಯಾನೇಜರೇ. ಕೇಳಿ ಕೇಳಿ ಅವನಿಗೇ ಬಾಯಿಪಾಠವಾಗಿತ್ತು.

ಅಡುಗೆಯಾಕೆ ಮಾತ್ರ ಡೇರೆಗೆ ಮತ್ತೆ ಬರಲಿಲ್ಲ. ಕರೆಯಲು ಹೋದರೆ, "ಬಾಯಿಲೆ ಎಷ್ಟ ಹೇಳಿದ್ರೂ ಮಂದಿ ಕಣ್ಣಿಲೆ ನೋಡಿದ್ದ ನಂಬ್ತಾರ್ರೀ," ಎಂದಳು. ಅವಳು ಹೇಳಿದ್ದು ಖರೆಯೇ. ಎಳೆದೊಯ್ಯುವುದನ್ನು ತೆರೆಯ ಮೇಲೆ ಕಂಡವರಿಗೆ, ಬಿಟ್ಟು ಕಳಿಸಿದ್ದನ್ನೂ ಕಣ್ಣಾರೆ ತೋರಿಸಬೇಕು. ಅಂದೇ ನಿಶ್ಚಯ ಮಾಡಿದೆ.

ಮುಂದೆ ಕನ್ನಡ ನಾಡು ಒಂದಾದ ವರ್ಷ ನಮ್ಮ ಶಾಲೆಯ ವಾರ್ಷಿಕ ಗ್ಯಾದರಿಂಗ್ ಎಂದಿಗಿಂತ ದೊಡ್ಡದಾಗಿ ಆಗಬೇಕೆಂದಾಯಿತು. ಕಾದಂಬರಿಯನ್ನು ನಾನು ನಾಟಕ ಮಾಡಿದೆ. ಬಂಗಲೆ ಈಗ ಕಪ್ಪತಗುಡ್ಡದ ಮಗ್ಗುಲಿಗೆ ಬಂದಿತ್ತು. ಪಾತ್ರ ಮಾಡುವವರು ಪಡಸಾಲೆಯ ಹೆಂಗಸರು, ನೋಡುವವರೂ ಹೆಂಗಸರೇ. ಪತ್ತೇದಾರನ ಪಾತ್ರ ಅಡುಗೆಯಾಕೆಗೆ. ಅವಳು ಮೊದಲು ನಕ್ಕಳು, ಆಮೇಲೆ ಅತ್ತಳು, ಆಮೇಲೆ ಓದಲು ಬಾರದ ನನಗೆ ಕಲಿಸುವವರು ಯಾರು ಎಂದಳು. ಅವಳು ರೊಟ್ಟಿ ಬಡಿಯುವಾಗ ನಾನು ಎದುರಿಗೆ ಕೂತು ಮಾತು ಹೇಳಿಕೊಟ್ಟೆ.

ಶಾಲಾ ಕಮಿಟಿಯ ಹಿರಿಯರು ಕರೆಸಿದರು. "ಅಡಗಿ ಮಾಡಾಕಿನ್ನ ತಂದು ಸ್ಟೇಜಿನ ಮ್ಯಾಲ ನಿಲ್ಲಸ್ತೀರಿ? ಅದೂ ಆಕಿನ್ನ? ವಾಡೆದವರು ಏನಂತಾರ?"

"ತಂಬಿಗಿ ಸಿಕ್ಕದ್ದು ವಾಡೆದವರಿಗೂ ಗೊತ್ತೈತ್ರಿ," ಎಂದೆ. "ಆಕಿ ಇಲ್ಲದ ನಾಟಕ ಇಲ್ಲ. ನಾಟಕ ಬ್ಯಾಡಾದ್ರ ಊರಿಗೆ ನೀವ ಹೇಳ್ರಿ, ನಾ ಹೇಳಾಂಗಿಲ್ಲ."

ಅವರು ಕೋಲೂರಿ ಎದ್ದರು. "ಹೆಣ್ಣುಮಕ್ಕಳಷ್ಟ ನೋಡೋದಲ್ಲ? ಮಾಡ್ಕೋರಿ," ಎಂದರು.

ಗ್ಯಾದರಿಂಗಿನ ದಿನ ವಾಡೆಯ ಒಡತಿ ಬರಲಿಲ್ಲ. ಉಳಿದವರೆಲ್ಲ ಬಂದಿದ್ದರು, ಅಂಗಳದ ಗೋಡೆಯ ಮೇಲೂ ಮಂದಿ ಕೂತಿದ್ದರು. ನಾನು ಹಿಂದಿನಿಂದ ಶಾಲೆಯ ಹಾರ್ಮೋನಿಯಂ ಬಾರಿಸಿದೆ. ಅಕ್ಕ ಬದುಕಿದ್ದಾಗಿನ ದೃಶ್ಯದಲ್ಲಿ ತಪ್ಪುವ ಜಾಗದಲ್ಲಿ ಸರಿಯಾಗಿ ತಪ್ಪಿದೆ. ಅಡುಗೆಯಾಕೆ ಚಿಗವ್ವನ ಗಂಡನ ಹಳೆಯ ಕೋಟು ತೊಟ್ಟು, ತಲೆಗೆ ರುಮಾಲು ಸುತ್ತಿ, ಎಲ್ಲರನ್ನೂ ಸಾಲಾಗಿ ನಿಲ್ಲಿಸಿದಳು. ಪಡಸಾಲೆಯ ಹೆಂಗಸೊಬ್ಬಳು ಅಡುಗೆಯಾಕೆಯ ವೇಷದಲ್ಲಿ ತಲೆ ಬಗ್ಗಿಸಿ ನಿಂತಿದ್ದಳು. ನಾನು ಬರೆದ ಮಾತು, "ಈಕೆ ನಿರಪರಾಧಿ, ಬಿಟ್ಟುಬಿಡಿ" ಎಂದಿತ್ತು. ಪತ್ತೇದಾರಳಾಗಿದ್ದವಳು ಅದನ್ನು ಮರೆತಳೋ, ಬೇಡವೆಂದು ಬಿಟ್ಟಳೋ, ನಾನು ಕೇಳಲಿಲ್ಲ. ಹತ್ತಿರ ಹೋಗಿ ಆ ಹೆಂಗಸಿನ ಗದ್ದ ಹಿಡಿದೆತ್ತಿ, ಇಡೀ ಅಂಗಳಕ್ಕೆ ಕೇಳುವಂತೆ ಹೇಳಿದಳು:

"ತಲಿ ಎತ್ತವಾ. ನೀ ಏನೂ ಮಾಡಿಲ್ಲ. ನಡಿ, ಮನಿಗೆ ಹೋಗು."