ಎಡಗಡೆ ಬರೀ ಗಾಳಿ

ಒಂದು ಮಾತು ಕೇಳ್ತೀನಿ, ನಿಜ ಹೇಳಿ. ಹೊಸ ಇಯರ್‌ಫೋನ್ ತಂದು, ಆಸೆಯಿಂದ ಕಿವಿಗೆ ತುರುಕ್ಕೊಂಡು ಹಾಡು ಹಾಕಿದ್ರೆ, ಒಂದು ಕಡೆ ಧಂ ಧಂ, ಇನ್ನೊಂದು ಕಡೆ ಬರೀ ಗುಸುಗುಸು ಅನ್ನಿಸಿದ್ಯಾ ನಿಮಗೆ? ಆಮೇಲೆ ಅದನ್ನ ಕಿತ್ತು, ಊದಿ, ಸೆರಗಲ್ಲಿ ಒರೆಸಿ, ಮತ್ತೆ ತುರುಕಿ, ಕೊನೆಗೆ ಮಾರಿದವನ ವಂಶವನ್ನೆಲ್ಲಾ ಬೈದಿದ್ದೀರಾ? ಹೋದ ವಾರ ನನಗೂ ಹಾಗೇ ಆಯ್ತು. ಕಮ್ಮಿ ರೇಟು, ಭರ್ಜರಿ ಬೇಸು ಅಂತ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. ಬಯ್ಯೋಕೆ ಬಾಯಿ ತೆಗೆದವಳು ತಕ್ಷಣ ಮುಚ್ಚಿಕೊಂಡೆ. ಯಾಕಂದ್ರೆ ಇದೇ ವಿಷಯದಲ್ಲಿ ಒಂದು ಸಲ ಬಾಯಿ ಸುಟ್ಟುಕೊಂಡವಳು ನಾನು. ತೊಂಬತ್ತರ ದಶಕದಲ್ಲಿ, ನಮ್ಮ ಶಿಡ್ಲಘಟ್ಟದಲ್ಲಿ.

ಆಗ ನಾನು ಡಿಗ್ರಿ ಓದ್ತಿದ್ದೆ. ಗೌರಿಬಿದನೂರಿನ ಗೆಳತಿಯೊಬ್ಬಳು ತನ್ನ ಹಳೇ ವಾಕ್‌ಮನ್ ನನಗೆ ಕೊಟ್ಟಿದ್ದಳು, ಇಯರ್‌ಫೋನ್ ಮಾತ್ರ ಕೊಟ್ಟಿರಲಿಲ್ಲ. ಬೇಸು ಅಂದ್ರೆ ಏನು ಅಂತ ನಮಗೆಲ್ಲಾ ಪಾಠ ಹೇಳಿಕೊಟ್ಟಿದ್ದು ಚಿಂತಾಮಣಿ ಕಡೆಯ ಪ್ರೈವೇಟ್ ಬಸ್ಸುಗಳು. ಹಿಂದಿನ ಸೀಟಲ್ಲಿ ಕೂತ್ರೆ ಡೋಲಕ್ಕಿನ ಏಟು ಕಿವಿಗಲ್ಲ, ನೇರ ಬೆನ್ನುಮೂಳೆಗೇ ಬೀಳೋದು. ಆ ಬಸ್ಸನ್ನ ಹಾಗೇ ಎತ್ತಿ ಕಿವಿಯೊಳಗೆ ನಿಲ್ಲಿಸಿಕೊಳ್ಳಬೇಕು ಅನ್ನೋದು ನನ್ನ ಮಹತ್ವಾಕಾಂಕ್ಷೆ.

ಬಸ್ ಸ್ಟ್ಯಾಂಡ್ ಹತ್ರ ರೇಡಿಯೋ ರಿಪೇರಿ ಮಾಡ್ತಿದ್ದ ಶೀನಣ್ಣನ ಅಂಗಡಿಲಿ ಇಯರ್‌ಫೋನುಗಳು ಒಣಗಿದ ಹುರುಳಿಕಾಯಿ ಥರ ಕಟ್ಟುಕಟ್ಟಾಗಿ ನೇತಾಡ್ತಿದ್ವು. ಹುಣಸೆಬೀಜದಷ್ಟು ತುದಿ, ಅದಕ್ಕೊಂದು ಸ್ಪಂಜಿನ ಟೋಪಿ. ಕಿವಿಗೆ ಹಾಕಿದ್ದು ವಾಪಸ್ ಇಲ್ಲ ಅಂತ ಗೋಡೆ ಮೇಲೆ ಬರೆದಿದ್ದ. ಆದ್ರೆ ನಾನು "ರಹೀಂ ಚಾಚಾ ಕೇಳಿ ಹೇಳ್ತಾರೆ" ಅಂದ ತಕ್ಷಣ, "ಅವರು ಕೇಳ್ತಾರಾ? ಹಂಗಾದ್ರೆ ತಗೊಂಡೋಗಮ್ಮ" ಅಂದ.

ಚಾಚಾ ಯಾರು ಅಂತ ಹೇಳ್ತೀನಿ. ನಮ್ಮ ಪಕ್ಕದ ಮನೆಯವರು, ರೀಲರ್ರು. ದಿನಾ ಬೆಳಿಗ್ಗೆ ಮಾರ್ಕೆಟ್ಟಲ್ಲಿ ರೇಷ್ಮೆಗೂಡು ಕೊಂಡು ತಂದು, ಮನೆ ಹಿಂದಿನ ಚರಕಗಳಲ್ಲಿ ನೂಲು ತೆಗೆಸ್ತಿದ್ರು. ನಮ್ಮ ಕಡೆಯವರಿಗೆ ಗೊತ್ತು, ಗೂಡನ್ನ ಕಣ್ಣಿಂದ ನೋಡಿದ್ರೆ ಸಾಲದು, ಕಿವಿ ಹತ್ರ ಹಿಡಿದು ಅಲ್ಲಾಡಿಸಿ ಕೇಳಬೇಕು. ಒಳಗಿನ ಹುಳ ಗಟ್ಟಿಯಾಗಿದ್ರೆ ಟಕ್ ಟಕ್ ಅನ್ನುತ್ತೆ. ಸತ್ತು ಕರಗಿದ್ರೆ ಮೌನ. ಚಾಚಾ ಎರಡೂ ಕೈಲಿ ಒಂದೊಂದು ಗೂಡು ಹಿಡಿದು, ಎರಡೂ ಕಿವಿ ಹತ್ರ ಒಟ್ಟಿಗೇ ಅಲ್ಲಾಡಿಸೋರು. ಅವರು ಹೂಂ ಅಂತ ತಲೆ ಆಡಿಸಿದ್ರೆ ಹರಾಜಲ್ಲಿ ಆ ಲಾಟಿಗೆ ಉಳಿದ ಸಣ್ಣ ರೀಲರ್ರೂ ಬಿಡ್ ಕೂಗೋರು. ಮಾರ್ಕೆಟ್ಟು ಬಿಡಿ, ನಮ್ಮ ಬೀದೀಲಿ ತೆಂಗಿನಕಾಯಿ, ಮಣ್ಣಿನ ಮಡಕೆ, ಸೆಕೆಂಡ್ ಹ್ಯಾಂಡ್ ಸ್ಕೂಟರು, ಸದ್ದು ಮಾಡೋದು ಯಾವುದನ್ನ ಕೊಂಡ್ರೂ ಚಾಚಾ ಕಿವಿ ದಾಟೇ ಒಳಗೆ ಬರಬೇಕು.

ಮಧ್ಯಾಹ್ನ ಅವರ ಜಗಲಿ ಮೇಲೆ ಪರೀಕ್ಷೆ. ಕವ್ವಾಲಿ ಕ್ಯಾಸೆಟ್ಟು ಹಾಕಿದೆ. ಚಾಚಾ ಕಣ್ಣು ಮುಚ್ಚಿ ಕೇಳಿದ್ರು.

"ಬೇಟಿ, ಬಲಗಡೆ ಡೋಲಕ್ ಇದೆ. ಎಡಗಡೆ ಬರೀ ಗಾಳಿ."

ವಾಪಸ್ ಕೊಟ್ಟೆ. ಎರಡನೇದೂ ಹಾಗೇ. ಮೂರನೇದೂ ಹಾಗೇ. ನಾನು ಹಾಕ್ಕೊಂಡ್ರೆ ಎರಡೂ ಕಡೆ ಚೆನ್ನಾಗೇ ಕೇಳಿಸ್ತಿತ್ತು ಕಣ್ರೀ! ಆದ್ರೂ ನನ್ನ ಕಿವಿಯನ್ನ ನಾನು ನಂಬಲಿಲ್ಲ, ಚಾಚಾ ಕಿವಿಯನ್ನ ನಂಬಿದೆ. ಅಷ್ಟಕ್ಕೇ ನಿಲ್ಲಲಿಲ್ಲ. ಶೀನಣ್ಣನ ಮಾಲೆಲ್ಲಾ ಎಡಗಡೆ ಡಿಫೆಕ್ಟು ಅಂತ ಕಾಲೇಜಲ್ಲಿ ಡಂಗುರ ಹೊಡೆದೆ. ನನ್ನ ಬಾಯಿ ನಿಮಗೆ ಗೊತ್ತೇ ಇದೆ.

ನಾಲ್ಕನೇ ಸಲ ಹೋದಾಗ ಶೀನಣ್ಣ ಕೈಲಿದ್ದ ಸಾಲ್ಡರಿಂಗ್ ಕಡ್ಡಿ ಕೆಳಗಿಟ್ಟ. "ಏಮಮ್ಮಾ, ಮಳ್ಳಾ ವಚ್ಚಿನಾವಾ? ಮತ್ತೆ ಬಂದ್ಯಾ? ಹುಡುಗೀರು ಅಂಗಡಿ ಮುಂದೆ ನಿಲ್ಲೋದೇ ಬಿಟ್ಟವ್ರೆ, ಗೊತ್ತಾ? ಇದೇ ಲಾಸ್ಟು. ಇದೂ ಸರಿ ಇಲ್ಲ ಅಂದ್ರೆ ನಾನೇ ಬಂದು ಚಾಚಾನ ಕೇಳ್ತೀನಿ."

ದಾರಿ ಉದ್ದಕ್ಕೂ ಒಂದೇ ಕುತೂಹಲ. ಇಷ್ಟು ಜೊತೆ ಇಯರ್‌ಫೋನಲ್ಲಿ ಬರೀ ಎಡಗಡೆಯದೇ ಯಾಕೆ ಕೆಡುತ್ತೆ? ಫ್ಯಾಕ್ಟರೀಲಿ ಎಡಗಡೆ ಜೋಡಿಸೋನಿಗೂ ಶೀನಣ್ಣನಿಗೂ ಏನಾದ್ರೂ ಹಳೇ ದ್ವೇಷಾನಾ? ನೋಡೇಬಿಡೋಣ ಅಂತ, ಆ ಸಲ ಚಾಚಾಗೆ ಉಲ್ಟಾ ಕೊಟ್ಟೆ. ಬಲದ್ದು ಎಡಕ್ಕೆ, ಎಡದ್ದು ಬಲಕ್ಕೆ.

ಕಣ್ಣು ಮುಚ್ಚಿ ಕೇಳಿದ್ರು. "ಅದೇ ಕಥೆ ಬೇಟಿ. ಬಲಗಡೆ ಡೋಲಕ್. ಎಡಗಡೆ ಬರೀ ಗಾಳಿ."

ನನ್ನ ಬಾಯಿಂದ ಮಾತು ಬರಲಿಲ್ಲ. ಅದೊಂದು ಅಪರೂಪದ ಘಟನೆ ಆದ್ದರಿಂದ ಚಾಚಾ ಕಣ್ಣು ಬಿಟ್ಟು ನನ್ನ ಮುಖ ನೋಡಿದ್ರು. "ಉಲ್ಟಾ ಹಾಕಿದ್ಯಾ?" ಅಂದ್ರು. ಹೂಂ ಅಂದೆ. ಇಯರ್‌ಫೋನ್ ಕಿತ್ತಿಟ್ಟು, ಪಕ್ಕದ ಬುಟ್ಟಿಯಿಂದ ಒಂದು ಗೂಡು ತಗೊಂಡು ಎಡಗಿವಿ ಹತ್ರ ಅಲ್ಲಾಡಿಸಿದ್ರು. ಆ ಟಕ್ ಟಕ್ ಎದುರಿಗೆ ಕೂತಿದ್ದ ನನಗೇ ಕೇಳಿಸ್ತು.

"ಅನುಮಾನ ಇತ್ತು," ಅಂದ್ರು. "ಎರಡು ತಿಂಗಳಿಂದ ಎಡಗೈಲಿರೋ ಗೂಡೆಲ್ಲಾ ಸತ್ತಿರೋ ಹಂಗೇ ಅನ್ನಿಸೋದು. ಈ ಸಲ ಗೂಡೇ ಸರಿ ಇಲ್ಲ ಅಂತ ರೈತರ ಮೇಲೆ ರೇಗಾಡ್ತಿದ್ದೆ. ಮಾರ್ಕೆಟ್ಟಲ್ಲಿ ಗೊತ್ತಾದ್ರೆ ಮುಗೀತಮ್ಮ. ಕಿವುಡ ಹೇಳಿದ ಲಾಟಿಗೆ ಯಾರು ಬಿಡ್ ಕೂಗ್ತಾರೆ?"

ಯಾರಿಗೂ ಹೇಳಲ್ಲ ಚಾಚಾ ಅಂದೆ. ಅಂದ ಮೇಲೆ ಹೊಳೀತು, ನಾನು ಸುಮ್ಮನಿದ್ರೆ ಶೀನಣ್ಣನ ಹೆಸರು ಕೆಟ್ಟೇ ಇರುತ್ತೆ, ಬಾಯಿ ಬಿಟ್ರೆ ಚಾಚಾ ಕಸುಬು ಕೆಡುತ್ತೆ. ಇಬ್ಬರನ್ನೂ ಸಿಕ್ಕಿಸಿದ್ದು ನನ್ನ ಡಂಗುರ.

ಮಾರನೇ ದಿನ ಅಂಗಡಿಗೆ ಹೋಗಿ, "ಇದು ಚೆನ್ನಾಗಿದೆ ಶೀನಣ್ಣ, ಇದನ್ನೇ ಇಟ್ಕೋತೀನಿ" ಅಂತ ಮೆಲ್ಲಗೆ ಅಂದೆ.

"ಹಂಗಾದ್ರೆ ಆ ಮೂರಕ್ಕೆ ಏನಾಗಿತ್ತು? ಹೇಳು, ಎಲ್ಲರ ಎದುರಿಗೂ ಹೇಳು!"

ಅಂಗಡಿ ಮುಂದೆ ಟೀ ಕುಡೀತಿದ್ದ ರೀಲರ್ರೆಲ್ಲಾ ತಿರುಗಿ ನೋಡಿದ್ರು. ನಾನು ನೆಲ ನೋಡಿದೆ. ಅಷ್ಟರಲ್ಲಿ ಮಾರ್ಕೆಟ್ಟಿಂದ ಬರ್ತಿದ್ದ ಚಾಚಾ ಸೈಕಲ್ ನಿಲ್ಲಿಸಿದ್ರು.

"ಏಯ್ ಶೀನ, ಹುಡುಗೀನ ಯಾಕೋ ಬಯ್ತೀಯಾ? ನಿನ್ನ ಮಾಲು ಸರಿಯಾಗೇ ಇದೆ. ಡಿಫೆಕ್ಟು ನನ್ನ ಎಡಗಿವಿ."

ಶೀನಣ್ಣ ಇಯರ್‌ಫೋನಿನ ವೈರನ್ನ ಬೆರಳಿಗೆ ಸುತ್ತುತ್ತಾ ನಿಂತ. ಚಾಚಾ ಎಡಗಡೆ ಕೂತಿದ್ದ ವಯಸ್ಸಾದ ರೀಲರ್ ಒಬ್ಬರು ಲೋಟ ಹಿಡ್ಕೊಂಡೇ ಎದ್ದು, ಸೈಕಲ್ ಸುತ್ತಿ ಅವರ ಬಲಗಡೆಗೆ ಬಂದು ನಿಂತ್ರು. "ರಹೀಂ ಭಾಯ್, ನಾಳೆ ಸಾದಲಿ ಕಡೆ ಗೂಡು ಬರುತ್ತಂತೆ. ನೀವೊಂದು ಸಲ ನೋಡಿಬಿಡಿ" ಅಂದ್ರು.

ಅಷ್ಟೇ. ಆವತ್ತಿಂದ ಮಾರ್ಕೆಟ್ಟಲ್ಲಿ ಎಲ್ಲರೂ ಚಾಚಾ ಬಲಗಡೆಗೇ ನಿಂತು ಮಾತಾಡೋರು. ಎಡಗಡೆ ಖಾಲಿ, ಬಲಗಡೆ ರಶ್ಶು. ಚಾಚಾ ಮಾತ್ರ ನನ್ನ ಕಂಡಾಗಲೆಲ್ಲಾ ರೇಗಿಸೋರು, "ಗೂಡಲ್ಲಿ ಇರೋದು ಒಂದೇ ಹುಳ ಬೇಟಿ, ಅದಕ್ಕೆ ಒಂದು ಕಿವಿ ಸಾಕು. ಎರಡು ಹುಳ ಸೇರಿ ಕಟ್ಟಿದ ಜೋಡಿಗೂಡು ಸಿಕ್ಕಿದ್ರೆ ನಿನ್ನ ಕಿವಿ ಸಾಲ ತಗೋತೀನಿ!"

ಈಗ ಹೋದ ವಾರದ ವಿಷಯಕ್ಕೆ ಬರ್ತೀನಿ. ಬಯ್ಯೋದು ಬಿಟ್ಟು, ಹೊಸ ಇಯರ್‌ಫೋನನ್ನ ಉಲ್ಟಾ ಹಾಕ್ಕೊಂಡೆ. ಅದೇ ಹಾಡು, ಅದೇ ವಾಲ್ಯೂಮು. ಬಲಗಡೆ ಧಂ ಧಂ. ಎಡಗಡೆ ಬರೀ ಗಾಳಿ.

ಮನೇಲಿ ಇನ್ನೂ ಯಾರಿಗೂ ಹೇಳಿಲ್ಲ. ಚಾಚಾ ಅಂಗಡಿ ಮುಂದೆ ನಿಂತು ಹೇಳಿದ್ರು, ನಾನು ಇಲ್ಲಿ ಹೇಳ್ತಿದ್ದೀನಿ. ಇಯರ್‌ಫೋನ್ ವಾಪಸ್ ಮಾಡಲ್ಲ, ಬೇಸು ನಿಜವಾಗ್ಲೂ ಚೆನ್ನಾಗಿದೆ. ಎಲ್ಲಾದ್ರೂ ಸಿಕ್ಕಿದ್ರೆ ಬಲಗಡೆ ಬಂದು ಮಾತಾಡ್ಸಿ.

ನೀವೂ ಯಾವತ್ತಾದ್ರೂ ಮಾಲನ್ನ ಬೈದು, ಆಮೇಲೆ ಡಿಫೆಕ್ಟು ನಿಮ್ಮಲ್ಲೇ ಇದೆ ಅಂತ ಗೊತ್ತಾಗಿದ್ರೆ ಕೆಳಗೆ ಬರೀರಿ. ಕಿವಿ, ಕಣ್ಣು, ಮೂಗು, ನಾಲಿಗೆ, ಯಾವುದಾದ್ರೂ ಸರಿ. ಒಬ್ಬಳೇ ಒಪ್ಕೊಂಡು ಕೂತಿರೋಕೆ ನನಗೆ ನಾಚಿಕೆ ಆಗ್ತಿದೆ.