ರೈಗಳು ಶೆಟ್ಟಿಯಾದದ್ದು

ನೆರೆಮನೆಯ ರೈಗಳ ಮಗಳಿಗೆ ಹಾಸ್ಟೆಲ್ ಸೀಟು ಬೇಕಿತ್ತು. ಅರ್ಜಿಗೆ ಅದೇ ಕೊನೆಯ ದಿನ, ರೈಗಳ ಜೊತೆ ನಾನೂ ಹೋಗಿದ್ದೆ. ಕೊಟ್ಟಾರದ ಕಚೇರಿಯ ಕಂಪ್ಯೂಟರು ಅದನ್ನು ಮೂರು ಸಲ ತಿರಸ್ಕರಿಸಿತು. ಹುಡುಗಿ ಶೆಟ್ಟಿ, ಅಪ್ಪ ರೈ, ಹೊಂದುವುದಿಲ್ಲವಂತೆ.

ನನಗೆ ಮೈಯೆಲ್ಲ ಉರಿಯಿತು. ಡೇಟಾಬೇಸನ್ನು ನಾನು ಕಾಲೇಜಿನಲ್ಲಿ ಕಲಿತವನಲ್ಲ, ಆದರೂ ಇಷ್ಟು ಗೊತ್ತು: ಒಂದು ಮಾಹಿತಿಯಿಂದ ಇನ್ನೊಂದು ತಪ್ಪದೆ ನಿರ್ಧಾರವಾಗುವಲ್ಲಿ ಮಾತ್ರ ಎರಡೂ ಹೊಂದಲೇಬೇಕೆಂಬ ನಿಯಮ ಹಾಕಬೇಕು. ನೋಂದಣಿ ಸಂಖ್ಯೆಯಿಂದ ಹೆಸರು ಸಿಗುತ್ತದೆ, ಸರಿ. ಅಪ್ಪನ ಸರ್‌ನೇಮಿನಿಂದ ಮಗಳದ್ದೂ ಸಿಗುತ್ತದೆ ಎಂದು ಅರ್ಜಿಯ ಮಾಹಿತಿ ಕೂಡಿಡುವ ಎಕ್ಸ್‌ಎಂಎಲ್ ಫೈಲಿಗೆ ನಿಯಮ ಬರೆದವನು ಅಳಿಯಕಟ್ಟಿನ ಊರನ್ನು ಕಂಡವನೇ ಅಲ್ಲ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ಬರುವುದು ತಾಯಿಯ ಸರ್‌ನೇಮ್.

“ನಿಮ್ಮ ಸರ್‌ನೇಮ್ ಯಾರದ್ದು ಮೇಡಂ?” ಕೌಂಟರಿನಲ್ಲಿದ್ದ ಹೆಂಗಸನ್ನು ಕೇಳಿದೆ.

“ಅಮ್ಮನದ್ದೇ. ನನ್ನ ಮಗನದ್ದೂ ರಿಜೆಕ್ಟ್ ಆಗಿತ್ತು. ಗಂಡನ ಸರ್‌ನೇಮನ್ನೇ ನಮ್ಮದಕ್ಕೆ ಬದಲಿಸಿ ಹಾಕಿದೆ, ಅರ್ಜಿ ಪಾಸಾಯಿತು.”

“ಅದು ಸುಳ್ಳಲ್ವಾ? ನಿಯಮ ಸರಿ ಮಾಡಿಸಿ!”

“ಸಾಫ್ಟ್‌ವೇರ್ ಬೆಂಗಳೂರಿನವರದ್ದು ಮಾರಾಯ್ರೆ. ನಾನೆಂತ ಮಾಡುದು?”

ನಾನು ಮೇಜು ಗುದ್ದುವಷ್ಟರಲ್ಲಿ ರೈಗಳು ಕೈ ಹಿಡಿದರು. “ನಿಮ್ಮ ಹೋರಾಟ ನಾಳೆ ಮಾಡಿ. ಇವತ್ತಿಗೆ ನಾನು ಶೆಟ್ಟಿ ಆಗ್ತೇನೆ.”

ನಿಜವನ್ನು ಮೂರು ಸಲ ತಪ್ಪು ಎಂದ ಕಂಪ್ಯೂಟರು ಸುಳ್ಳಿಗೆ ಹಸಿರು ಟಿಕ್ಕು ಹಾಕಿತು. ಮರುದಿನ ನಾನು ಬರೆದು ಕಳಿಸಿದ ದೂರಿಗೆ ಇನ್ನೂ ಉತ್ತರವಿಲ್ಲ. ರೈಗಳ ಹೆಂಡತಿಗೆ ಮಾತ್ರ ಖುಷಿ: ಮದುವೆಯಾದ ಮೇಲೆ ಸರ್‌ನೇಮ್ ಬದಲಿಸಿಕೊಂಡ ಗಂಡ ನಮ್ಮ ಇಡೀ ಕುಲಶೇಖರ ಬಡಾವಣೆಯಲ್ಲಿ ಅವರಿಗೊಬ್ಬರಿಗೇ ಸಿಕ್ಕಿದ್ದಂತೆ.