ಕನ್ನಡಕದಂಗಡಿಯ ಇನ್‌ಸ್ಟಾಲರ್

ಕತ್ತಿನಲ್ಲಿ ದಾರಕ್ಕೆ ಕಟ್ಟಿದ ಪೆನ್‌ಡ್ರೈವ್ ತೂಗಾಡುತ್ತಿದ್ದುದರಿಂದ ಕನ್ನಡಕದಂಗಡಿಯ ಹುಡುಗಿಯರು ಅವನನ್ನು ಪೆನ್‌ಡ್ರೈವ್ ಅಂಕಲ್ ಎಂದೇ ಕರೆಯುತ್ತಿದ್ದರು. ಗಿರಾಕಿಯ ಹೆಸರು, ಕಣ್ಣಿನ ಪವರು, ಹಿಂದೆ ಕೊಂಡ ಫ್ರೇಮು, ಎಲ್ಲವನ್ನೂ ಇಟ್ಟುಕೊಳ್ಳುವ ಪ್ರೋಗ್ರಾಮನ್ನು ಆ ಅಂಗಡಿಗೆಂದೇ ಬರೆದುಕೊಟ್ಟವನು ಅವನು. ಅವನ ಉಳಿದ ಗಿರಾಕಿಗಳು ಒಬ್ಬೊಬ್ಬರಾಗಿ ದೊಡ್ಡ ಕಂಪನಿಗಳ ಕಡೆ ಜಾರಿಕೊಂಡಿದ್ದರು. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಫೋನು ಹೊಡೆದುಕೊಂಡರೆ ಅದು ಈ ಅಂಗಡಿಯಿಂದಲೇ.

ಹೊಸ ಕಂಪ್ಯೂಟರ್ ಬಂದಾಗಲೆಲ್ಲ ಅವನೇ ಹೋಗಬೇಕು. ಮೊದಲು ಮಾಹಿತಿಯನ್ನೆಲ್ಲ ಹಿಡಿದಿಡುವ ಡೇಟಾಬೇಸ್ ಎಂಜಿನ್ ಕೂರಿಸಬೇಕು, ಆಮೇಲೆ ಬಿಲ್ಲಿನ ಫೈಲುಗಳು, ತಾರೀಕಿನ ಸೆಟ್ಟಿಂಗು, ಪ್ರಿಂಟರು. ಅರ್ಧ ದಿನದ ಕೆಲಸವನ್ನು ಅವನು ಇಡೀ ದಿನಕ್ಕೆ ಎಳೆಯುತ್ತಾನೆಂದು ಎಲ್ಲರಿಗೂ ಗೊತ್ತು. ಯಾರೂ ಬಾಯಿ ಬಿಡುತ್ತಿರಲಿಲ್ಲ. ಒಬ್ಬಳು ಟೀ ತಂದಿಡುವಳು. ಇನ್ನೊಬ್ಬಳು ಅವನ ಕನ್ನಡಕ ಕಿತ್ತುಕೊಂಡು, ಸಡಿಲವಾದ ಕಡ್ಡಿಯ ಸ್ಕ್ರೂ ಬಿಗಿದು, "ಏನ್ ಅಂಕಲ್, ಇದನ್ನ ಹಾಕ್ಕೊಂಡೇ ಮಲಗ್ತೀರಾ?" ಎಂದು ಗದರಿ ಮತ್ತೆ ಮೂಗಿನ ಮೇಲೆ ಕೂರಿಸುವಳು.

"ಇನ್ನೊಂದು ಅಂಗಡಿ ತೆಗೀತಿದ್ದೀವಿ," ಎಂದಳು ಒಡತಿ ಒಂದು ದಿನ. "ಈ ವಯಸ್ಸಲ್ಲಿ ನಿಮ್ಮನ್ನ ಯಾಕೆ ಓಡಾಡಿಸೋದು? ಎಲ್ಲಾ ಸೇರಿಸಿ ಒಂದೇ ಫೈಲ್ ಮಾಡ್ಕೊಡಿ. ಒತ್ತಿದ್ರೆ ತಾನಾಗೇ ಕೂತ್ಕೋಬೇಕು. ಹುಡುಗೀರು ನೋಡ್ಕೋತಾರೆ."

ಉಪಕಾರ ಮಾಡುತ್ತಿದ್ದೇನೆಂದೇ ಅವಳು ತಿಳಿದಿದ್ದಳು. ಅವನೂ ಪೆದ್ದನಂತೆ ತಲೆಯಾಡಿಸಿ ಬಂದ.

ಒಡತಿ ಕೇಳಿದ ಆ ಒಂದೇ ಫೈಲನ್ನು, ಇನ್‌ಸ್ಟಾಲರನ್ನು, ಮನೆಯಲ್ಲಿ ಕೂತು ಮಾಡಿದ. ಅವನ ಕಂಪ್ಯೂಟರಿನಲ್ಲಿ ಅದು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಓಡಿತು. ಓಡದೆ ಏನು, ಬೇಕಾದದ್ದೆಲ್ಲ ಅಲ್ಲಿ ವರ್ಷಗಳಿಂದ ಬಿಡಾರ ಹೂಡಿತ್ತು! ಮಂಚದ ಕೆಳಗಿನ ಹಳೆಯ ಕಂಪ್ಯೂಟರನ್ನು ಹೊರಗೆಳೆದು, ಪೂರ್ತಿ ಅಳಿಸಿ, ಬರೀ ವಿಂಡೋಸ್ ಹಾಕಿ, ಅದರಲ್ಲಿ ಓಡಿಸಿ ನೋಡಿದ. 'ಡೇಟಾಬೇಸ್ ತೆರೆಯಲಾಗುತ್ತಿಲ್ಲ' ಎಂದಿತು. ಎಂಜಿನ್ನನ್ನೇ ಸೇರಿಸಿರಲಿಲ್ಲ. ಈ ಕಸುಬಿನವರೆಲ್ಲ ಒಮ್ಮೆಯಾದರೂ ಮಾಡುವ ತಪ್ಪು. ಒಂದು ಸಾಲು ಬರೆದರೆ ಮುಗಿಯಿತು.

ಕೈ ಮುಂದೆ ಹೋಗಲಿಲ್ಲ. ಹೀಗೇ ಕಳಿಸಿದರೆ? "ಅಂಕಲ್, ಓಪನ್ ಆಗ್ತಿಲ್ಲ," ಎಂದು ಫೋನು ಬರುತ್ತದೆ. ಹೋಗಬಹುದು, ಟೀ ಕುಡಿಯಬಹುದು, ಬೈಸಿಕೊಳ್ಳಬಹುದು. ಯಾರಿಗೂ ಸಂಶಯ ಬಾರದು. ಸರಿಮಾಡಿ ಕಳಿಸಿದರೆ ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಂಡಂತೆ. ಒಲೆಯ ಮೇಲಿನ ಹಾಲು ಉಕ್ಕಿ ಚೆಲ್ಲಿದ್ದೂ ತಿಳಿಯದೆ ಕೂತಿದ್ದ.

ಹಿಂದೊಮ್ಮೆ ಪ್ರಿಂಟರ್ ಕೆಟ್ಟಾಗ ಒಡತಿ ಗಿರಾಕಿಗಳ ಎದುರಿಗೇ ಕೌಂಟರಿನ ಹುಡುಗಿಯ ಮೇಲೆ ಹರಿಹಾಯ್ದದ್ದು ಆಗ ನೆನಪಾಯಿತು. "ಏನ್ ಒತ್ತಿದೆ ನೀನು?" ಪಾಪ, ಅವಳು ಏನೂ ಒತ್ತಿರಲಿಲ್ಲ. ಹೊಸ ಅಂಗಡಿಯಲ್ಲೂ ಯಾವಳೋ ಒಬ್ಬಳು ಹಾಗೇ ತಲೆತಗ್ಗಿಸಿ ನಿಲ್ಲುತ್ತಾಳೆ, ತನ್ನ ಒಂದು ಲೋಟ ಟೀಗಾಗಿ. ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಸಾಲು ಸೇರಿಸಿದ. ಹಳೆಯ ಕಂಪ್ಯೂಟರನ್ನು ಮತ್ತೆ ಅಳಿಸಿ ನೋಡಿದ. ಪ್ರೋಗ್ರಾಂ ತೆರೆದುಕೊಂಡಿತು. ಕಳಿಸಿಬಿಟ್ಟ.

ಫೋನು ಬರಲಿಲ್ಲ. ಎಲ್ಲ ಸರಿಯಾಗಿದೆ ಎನ್ನುವುದಕ್ಕೆ ಅದೇ ಗುರುತು. ಆದರೂ ಆಗಾಗ ಫೋನು ಎತ್ತಿ, ಚಾರ್ಜು ಇದೆಯೋ ಇಲ್ಲವೋ ಎಂದು ನೋಡುತ್ತಿದ್ದ.

ಕೆಲವು ವಾರಗಳ ಮೇಲೆ ಕನ್ನಡಕದ ಕಡ್ಡಿ ಸಡಿಲವಾಯಿತು. ಚಾಕುವಿನ ತುದಿಯಿಂದ ಬಿಗಿಯಬಹುದಿತ್ತು, ಬಿಗಿಯಲಿಲ್ಲ. ತನ್ನ ಇನ್‌ಸ್ಟಾಲರ್ ಹೇಗೆ ಕೂತಿದೆಯೋ ನೋಡಿದಂತೆಯೂ ಆಯಿತೆಂದು ಬಸ್ಸು ಹತ್ತಿ ಹೊಸ ಅಂಗಡಿಗೇ ಹೋದ. ಕೌಂಟರಿನಲ್ಲಿ ಗುರುತಿಲ್ಲದ ಹುಡುಗಿ. ಅವಳು ಒತ್ತಿದ್ದೇ ತಡ, ಪ್ರೋಗ್ರಾಂ ತೆರೆದುಕೊಂಡಿತು. ಅವನ ಎದೆ ಉಬ್ಬಿತು.

"ಫೋನ್ ನಂಬರ್ ಹೇಳಿ ಸರ್," ಎಂದಳು. ಹೇಳಿದ. ಹುಡುಕಿದಳು. "ನಿಮ್ಮ ಹೆಸರೇ ಬರ್ತಿಲ್ವಲ್ಲ. ನಮ್ಮಲ್ಲಿಗೆ ಮೊದಲ್ನೇ ಸಲಾನಾ?"

ಇಷ್ಟು ವರ್ಷ ಪುಕ್ಕಟೆ ಸ್ಕ್ರೂ ಬಿಗಿಸಿಕೊಂಡವನ ಹೆಸರನ್ನು ಯಾರು ಬರೆದಿಟ್ಟಾರು? ಇದನ್ನು ಮಾಡಿದವನೇ ನಾನಮ್ಮ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಹಿಂದೆ ಜನ ಕಾಯುತ್ತಿದ್ದರು.

"ಹೌದಮ್ಮ, ಮೊದಲ್ನೇ ಸಲ," ಎಂದ.

ಅವಳು 'ಹೊಸ ಗ್ರಾಹಕ' ಎಂಬ ಗುಂಡಿ ಒತ್ತಿದಳು. ಹುಡುಗಿಯರ ಕಣ್ಣಿಗೆ ಬೇಗ ಬೀಳಲೆಂದು ಅದನ್ನು ಅಷ್ಟು ದೊಡ್ಡದಾಗಿ ಮಾಡಿದ್ದವನು ಅವನೇ.